ಪಿಯಾನೊ ಕಲಿಕೆ ಮತ್ತು ಕಛೇರಿ ಜೀವನ: ಮೈಸೂರು ಸೀಮೆ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪಿಯಾನೊವನ್ನು ಎಳವೆಯಲ್ಲೇ ಹಿಡಿದು, ಪರೀಕ್ಷೆ, ಸ್ಪರ್ಧೆ, ಕಛೇರಿಗಳನ್ನು ದಾಟಿ ಅದನ್ನೇ ಬದುಕಾಗಿಸಿಕೊಳ್ಳುವವರ ಶಿಕ್ಷಣಕ್ರಮವನ್ನು ಈ ಲೇಖನ ಮೈಸೂರು ಸೀಮೆಯ ನೆಲೆಯಿಂದ ನೋಡುತ್ತದೆ. ಕರ್ನಾಟಕದ ಮಟ್ಟಿಗೆ ಈ ವಿಷಯದ ದೊಡ್ಡ ಅಧ್ಯಾಯ ನಡೆದದ್ದು ಮೈಸೂರಿನ ಅರಮನೆಯಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ ಕಪಿಲೆಯ ದಂಡೆಯ ನಂಜನಗೂಡು ಇದೆ. ಆಗ್ನೇಯಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಕಾವೇರಿ ಕಪಿಲೆಗಳು ಕೂಡುವಲ್ಲಿ, ತಿ. ನರಸೀಪುರ ಇದೆ. ಪಿಯಾನೊಗೆ ಹೆಸರಾದ ಊರುಗಳಲ್ಲ ಇವು. ಆದರೆ ಮೈಸೂರು ಸೀಮೆಯ ಅತಿ ದೊಡ್ಡ ಪಿಟೀಲುಗಾರ ಹುಟ್ಟಿದ್ದು ಇದೇ ಸಂಗಮದ ತಿರುಮಕೂಡಲಿನಲ್ಲಿ. ಅರಮನೆಯ ಪಿಯಾನೊ ಮತ್ತು ತಿರುಮಕೂಡಲಿನ ಪಿಟೀಲು, ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಬ್ಬ ಬಾಲಕ ಅಥವಾ ಬಾಲಕಿ ವಾದ್ಯಗಾರರಾಗಲು ಏನೇನು ಬೇಕು ಎಂಬುದು ಬೇರೆ ಯಾವ ವಿವರಣೆಗಿಂತ ಚೆನ್ನಾಗಿ ತಿಳಿಯುತ್ತದೆ.

ವಾದ್ಯ

ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ 1700ರ ಸುಮಾರಿಗೆ ರೂಪಿಸಿದ ವಾದ್ಯ ಇದರ ಮೂಲ. ಇಂದಿನ ಪಿಯಾನೊಗೆ 88 ಮನೆಗಳು. ಅವುಗಳಲ್ಲಿ 52 ಬಿಳಿ, 36 ಕಪ್ಪು. ಮನೆ ಒತ್ತಿದರೆ ಉಣ್ಣೆಯ ಬಟ್ಟೆ ಸುತ್ತಿದ ಪುಟ್ಟ ಸುತ್ತಿಗೆಯೊಂದು ತಂತಿಗೆ ಬಡಿದು ತಕ್ಷಣ ಹಿಂದೆ ಸರಿಯುತ್ತದೆ, ತಂತಿ ಮಾತ್ರ ನುಡಿಯುತ್ತಲೇ ಇರುತ್ತದೆ. ಬೆರಳಿನ ಭಾರ ಎಷ್ಟೋ ನಾದವೂ ಅಷ್ಟು; ಹಾರ್ಮೋನಿಯಂಗೆ ಇಲ್ಲದ, ವೀಣೆಗೆ ಇರುವ ಗುಣ ಇದು. ಒಳಗೆ ಸುಮಾರು 230 ತಂತಿಗಳಿರುತ್ತವೆ. ಅವುಗಳ ಒಟ್ಟು ಎಳೆತ 15ರಿಂದ 20 ಟನ್ನಿನಷ್ಟಾಗುವುದರಿಂದ ಎರಕಹೊಯ್ದ ಕಬ್ಬಿಣದ ಚೌಕಟ್ಟು ಅನಿವಾರ್ಯ. ಆದ್ದರಿಂದ ಪಿಯಾನೊವನ್ನು ಹೆಗಲಿಗೇರಿಸಿಕೊಂಡು ಗುರುಗಳ ಮನೆಗೆ ಹೋಗುವಂತಿಲ್ಲ. ವಾದ್ಯ ಇರುವ ಕಡೆಗೇ ಕಲಿಯುವವರು ಹೋಗಬೇಕು. ಹಳ್ಳಿ, ಸಣ್ಣ ಪಟ್ಟಣಗಳ ಮಕ್ಕಳಿಗೆ ಈ ವಿದ್ಯೆ ದೂರವಾದದ್ದಕ್ಕೆ ಮೊದಲ ಕಾರಣವೇ ಈ ತೂಕ.

ಎರಡನೆಯ ಕಾರಣ ಶ್ರುತಿ. ಪಿಯಾನೊದ ಸ್ವರ ಒತ್ತಿದ ಮನೆಯಲ್ಲೇ ನಿಲ್ಲುತ್ತದೆ, ಜಾರುವುದಿಲ್ಲ. ತೋಡಿಯ ಗಾಂಧಾರಕ್ಕೂ ಭೈರವಿಯ ನಿಷಾದಕ್ಕೂ ಬೇಕಾದ ಕಂಪನವನ್ನು ಅದು ಕೊಡಲಾರದು. ಅದು ಕೊಡುವ ಸಂಪತ್ತೇ ಬೇರೆ: ಹತ್ತು ಬೆರಳುಗಳಲ್ಲಿ ಒಮ್ಮೆಲೇ ಎರಡು, ಮೂರು, ನಾಲ್ಕು ದನಿಗಳು, ಒಂದು ದನಿ ಮೇಲೇಳುವಾಗ ಇನ್ನೊಂದು ಅದಕ್ಕೆ ಎದುರಾಗಿ ಇಳಿಯುವುದು, ಒಂದೇ ವಾದ್ಯದಲ್ಲಿ ಇಡೀ ಮೇಳದ ತುಂಬು. ಕರ್ನಾಟಕ ಸಂಗೀತ ಕಲಿತ ಕಿವಿಗೆ ಇದು ಮೊದಮೊದಲು ಒರಟಾಗಿ ಕೇಳಿಸಬಹುದು. ಆದರೂ ಎರಡರ ನಡುವೆ ದಾಟಲು ಒಂದು ಹಳೆಯ ಸೇತುವೆ ಇದೆ. ಪಾಶ್ಚಾತ್ಯರ ಮೇಜರ್ ಶ್ರೇಣಿ ನಮ್ಮ 29ನೆಯ ಮೇಳ ಧೀರಶಂಕರಾಭರಣಕ್ಕೆ ಸಮ. ಮುತ್ತುಸ್ವಾಮಿ ದೀಕ್ಷಿತರು ಬ್ಯಾಂಡಿನವರ ಧಾಟಿಗಳನ್ನು ಕೇಳಿ ನೊಟ್ಟುಸ್ವರ ಸಾಹಿತ್ಯಗಳನ್ನು ರಚಿಸಿದ್ದು ಇದೇ ರಾಗದಲ್ಲಿ.

ಅರಮನೆಯ ಅಧ್ಯಾಯ

ಮೈಸೂರಿನ ಅರಸರು ಪಾಶ್ಚಾತ್ಯ ವಾದ್ಯಗಳನ್ನು ದರ್ಬಾರಿನ ಅಲಂಕಾರವಾಗಿ ಇಟ್ಟುಕೊಂಡವರಲ್ಲ, ಸ್ವತಃ ನುಡಿಸಿದವರು. ಹತ್ತನೆಯ ಚಾಮರಾಜ ಒಡೆಯರು ಪಿಟೀಲು ಬಲ್ಲವರು. ನಾಲ್ವಡಿ ಕೃಷ್ಣರಾಜ ಒಡೆಯರು ಪಿಟೀಲು, ಪಿಯಾನೊ, ಸ್ಯಾಕ್ಸೋಫೋನ್, ಕೊಳಲು, ಮೃದಂಗ ಮೊದಲಾದ ಹಲವು ವಾದ್ಯಗಳಲ್ಲಿ ಕೈಯಾಡಿಸಿದ್ದರು. ಅರಮನೆಯಲ್ಲಿ ಕರ್ನಾಟಕ ಬ್ಯಾಂಡ್, ಇಂಗ್ಲಿಷ್ ಬ್ಯಾಂಡ್ ಎಂಬ ಎರಡು ಮೇಳಗಳಿದ್ದವು. ಜರ್ಮನಿಯ ಆಟೊ ಶ್ಮಿಟ್ ಇಲ್ಲಿ ಮೇಳದ ನಿರ್ದೇಶಕರಾಗಿ ದುಡಿದರು. ಆ ಪರಂಪರೆಯ ಬ್ಯಾಂಡು ಮುಂದೆ ಪೊಲೀಸ್ ಇಲಾಖೆಗೆ ಸೇರಿ ಇವತ್ತಿಗೂ ದಸರೆಯಲ್ಲಿ ನುಡಿಯುತ್ತಿದೆ. ಆಸ್ಥಾನದ ವೈಣಿಕ ಶಿಖಾಮಣಿ ವೀಣೆ ಶೇಷಣ್ಣನವರು (1852–1926) ವೀಣೆಯಲ್ಲದೆ ಪಿಟೀಲು, ಸ್ವರಬತ್, ಜಲತರಂಗ, ಪಿಯಾನೊಗಳನ್ನೂ ನುಡಿಸಬಲ್ಲವರಾಗಿದ್ದರು. ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಪಿಯಾನೊವನ್ನು ‘ಅವರ’ ವಾದ್ಯವೆಂದು ದೂರವಿಡದೆ ನಾದದ ಇನ್ನೊಂದು ಪೆಟ್ಟಿಗೆಯೆಂದು ತೆರೆದು ನೋಡುವ ಕುತೂಹಲ ಮೈಸೂರಿನ ದೊಡ್ಡ ವಿದ್ವಾಂಸರಲ್ಲಿ ಆಗಲೇ ಇತ್ತು.

ಈ ವಾತಾವರಣದಲ್ಲಿ ಬೆಳೆದವರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಮಕ್ಕಳು. ಮಗ ಜಯಚಾಮರಾಜ ಒಡೆಯರು ಹುಟ್ಟಿದ್ದು 1919ರ ಜುಲೈ 18ರಂದು, ಹಿರಿಯ ಮಗಳು ವಿಜಯಾದೇವಿ 1922ರಲ್ಲಿ. ಮನೆಯಲ್ಲಿ ವೀಣೆ, ಪಿಯಾನೊ ಎರಡೂ ಇದ್ದವು. ವೀಣೆಗೆ ಶೇಷಣ್ಣನವರ ಶಿಷ್ಯರಾದ ವೆಂಕಟಗಿರಿಯಪ್ಪನವರು ಗುರು. ಪಿಯಾನೊಗೆ ಮೈಸೂರಿನ ಗುಡ್ ಶೆಫರ್ಡ್ ಕಾನ್ವೆಂಟಿನ ಪಾಠ. ಜೊತೆಗೆ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಪರೀಕ್ಷೆಗಳು. ಬೆಳಿಗ್ಗೆ ತಾನ, ಸಂಜೆ ಬಾಖ್ ಎಂಬಂಥ ಎರಡು ಕಲಿಕೆಗಳನ್ನು ಒಂದೇ ಕೈಗೆ ಒಗ್ಗಿಸಿಕೊಂಡ ಮಕ್ಕಳು ಅಂದು ಪ್ರಪಂಚದಲ್ಲೇ ವಿರಳ. 1939ರ ಯುರೋಪ್ ಪ್ರವಾಸದಲ್ಲಿ ಅವರಿಗೆ ರಷ್ಯದ ಮಹಾನ್ ಪಿಯಾನೊ ವಾದಕ, ರಚನಕಾರ ಸೆರ್ಗೆಯ್ ರಾಖ್ಮನಿನೋವರ ಭೇಟಿಯೂ ಆಯಿತು. ಪಿಯಾನೊ ಕಛೇರಿಗಳನ್ನೇ ಬದುಕಾಗಿಸಿಕೊಳ್ಳಬೇಕೆಂಬುದು ಜಯಚಾಮರಾಜರ ಬಯಕೆಯಾಗಿತ್ತು.

ಅದು ನಡೆಯಲಿಲ್ಲ. 1940ರ ಮಾರ್ಚಿನಲ್ಲಿ ತಂದೆ ತೀರಿಕೊಂಡರು. ಐದು ತಿಂಗಳು ತುಂಬುವ ಮೊದಲೇ, ಆಗಸ್ಟ್ 3ರಂದು, ದೊಡ್ಡಪ್ಪ ನಾಲ್ವಡಿಯವರೂ ಹೋದರು. ಸೆಪ್ಟೆಂಬರಿನಲ್ಲಿ ಪಟ್ಟವೇರಿದಾಗ ಹೊಸ ಮಹಾರಾಜರಿಗೆ 21 ವರ್ಷ. ಪಿಯಾನೊ ವಾದಕನಿಗೆ ಕೊನೆಯ ತಿದ್ದುಪಡಿ ಸಿಗಬೇಕಾದ, ದೊಡ್ಡ ವೇದಿಕೆಗಳು ತೆರೆದುಕೊಳ್ಳಬೇಕಾದ ವಯಸ್ಸದು. ಅವರು ಕಲಿಕೆಯನ್ನು ಮಾತ್ರ ಬಿಡಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದರು. ಟ್ರಿನಿಟಿ ಕಾಲೇಜು ಗೌರವ ಫೆಲೋ ಪದವಿ ನೀಡಿತು. ನುಡಿಸಲಾಗದ ಕಛೇರಿಗಳ ಹಸಿವು ಎರಡು ದಾರಿಗಳಲ್ಲಿ ಹರಿಯಿತು. ಒಂದು, ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಕರ್ನಾಟಕ ಸಂಗೀತದ ಕಡೆಗೆ. ‘ಶ್ರೀವಿದ್ಯಾ’ ಅಂಕಿತದ 94 ಕೃತಿಗಳು ಅಲ್ಲಿ ಹುಟ್ಟಿದವು. ಇನ್ನೊಂದು, ಪರರ ಪಿಯಾನೊವನ್ನು ಪ್ರಪಂಚಕ್ಕೆ ಕೇಳಿಸುವ ಕಡೆಗೆ.

ಈ ಎರಡನೆಯ ದಾರಿಯ ಕಥೆಯನ್ನು ಕನ್ನಡಿಗರು ಇನ್ನಷ್ಟು ತಿಳಿಯಬೇಕು. ನಿಕೊಲಾಯ್ ಮೆಟ್ನರ್ (1880–1951) ಮಾಸ್ಕೊ ಕನ್ಸರ್ವೇಟರಿಯಲ್ಲಿ ಕಲಿತ ಪಿಯಾನೊ ವಾದಕ ಮತ್ತು ರಚನಕಾರ, ರಾಖ್ಮನಿನೋವರ ಗೆಳೆಯ. ಲಂಡನ್ನಿನಲ್ಲಿ ನೆಲೆಸಿದ ಅವರಿಗೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು, ಆರೋಗ್ಯವೂ ಕೆಟ್ಟಿತು. ಅವರ ಸಂಗೀತವನ್ನು ಕೇಳುವವರು ಕಡಿಮೆಯಾಗಿದ್ದ ಆ ಹೊತ್ತಿನಲ್ಲಿ ಮೈಸೂರಿನ ಮಹಾರಾಜರ ಹಣದಿಂದ ಮೆಟ್ನರ್ ಸೊಸೈಟಿ ಎಂಬ ಸಂಸ್ಥೆ ಏರ್ಪಟ್ಟಿತು. ಮೆಟ್ನರ್ ತಮ್ಮ ಮೂರೂ ಪಿಯಾನೊ ಕಾಂಚೆರ್ಟೊಗಳನ್ನು, ಹಲವು ಬಿಡಿ ರಚನೆಗಳನ್ನು, ಹಾಡುಗಳನ್ನು ತಾವೇ ನುಡಿಸಿ ಎಚ್‌ಎಂವಿ ಕಂಪನಿಗೆ ಧ್ವನಿಮುದ್ರಿಸಿದರು. ಮೂರನೆಯ ಕಾಂಚೆರ್ಟೊ ಮೈಸೂರಿನ ಮಹಾರಾಜರಿಗೇ ಅರ್ಪಿತವಾಗಿದೆ. ಆ ಮುದ್ರಣಗಳು ಇಲ್ಲದಿದ್ದರೆ ಮೆಟ್ನರ್ ತಮ್ಮ ರಚನೆಗಳನ್ನು ಹೇಗೆ ನುಡಿಸುತ್ತಿದ್ದರು ಎಂಬುದು ಇಷ್ಟು ಪೂರ್ಣವಾಗಿ ನಮಗೆ ದಕ್ಕುತ್ತಿರಲಿಲ್ಲ. ಇಂದು ಮಾಸ್ಕೊದಲ್ಲೋ ಲಂಡನ್ನಿನಲ್ಲೋ ಮೆಟ್ನರ್ ಅಭ್ಯಾಸಮಾಡುವ ಯುವ ವಾದಕರು ಅವನ್ನು ಕೇಳುವಾಗ ಮೈಸೂರಿನ ಋಣದಲ್ಲಿದ್ದಾರೆ.

ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದವನ್ನು ಕಟ್ಟಿದ ವಾಲ್ಟರ್ ಲೆಗ್ ಮೈಸೂರಿಗೆ ಬಂದು, ಅರಮನೆಯ ಧ್ವನಿಮುದ್ರಿಕೆಗಳ ಭಂಡಾರವನ್ನೂ ಕಛೇರಿಯ ಗ್ರ್ಯಾಂಡ್ ಪಿಯಾನೊಗಳನ್ನೂ ಕಂಡು ಬೆರಗಾದರು. 1948ರಲ್ಲಿ ಮಹಾರಾಜರು ಫಿಲ್ಹಾರ್ಮೋನಿಯಾ ಕಛೇರಿ ಸಂಘದ ಮೊದಲ ಅಧ್ಯಕ್ಷರಾದರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ 1950ರ ಮೇ 22ರಂದು ಕಿರ್ಸ್ಟನ್ ಫ್ಲ್ಯಾಗ್‌ಸ್ಟಾಡ್ ಕಂಠದಲ್ಲಿ, ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಕೇಳಿಬಂದವು. ಆ ಕಛೇರಿಯ ಹಣದ ಹೊಣೆ ಹೊತ್ತವರೂ ಮೈಸೂರಿನ ಮಹಾರಾಜರೇ.

ವಿಜಯಾದೇವಿಯವರ ದಾರಿ ಅಣ್ಣನದಕ್ಕಿಂತ ಬೇರೆ. 1941ರಲ್ಲಿ ಮದುವೆಯಾಗಿ ಸೌರಾಷ್ಟ್ರದ ಕೋಟ್ಡಾ ಸಾಂಗಾನಿಯ ರಾಣಿಯಾದರು. ಪತಿಯ ಸರ್ಕಾರಿ ಹುದ್ದೆಯ ನಿಮಿತ್ತ ನ್ಯೂಯಾರ್ಕಿಗೆ ಹೋದಾಗ ಎಡ್ವರ್ಡ್ ಸ್ಟಾಯರ್‌ಮನ್ ಅವರಲ್ಲಿ ಪಿಯಾನೊ ಪಾಠ ಮುಂದುವರಿಸಿದರು. ಸ್ಟಾಯರ್‌ಮನ್ ಸಾಮಾನ್ಯ ಗುರುವಲ್ಲ. ಆರ್ನಲ್ಡ್ ಶೋನ್‌ಬರ್ಗ್‌ನ ಪಿಯಾನೊ ಕಾಂಚೆರ್ಟೊವನ್ನು 1944ರಲ್ಲಿ ಮೊದಲು ನುಡಿಸಿದವರು. ಮದುವೆಯ ನಂತರ, ಮಕ್ಕಳ ತಾಯಿಯಾಗಿ, ಪರದೇಶದಲ್ಲಿ ಮತ್ತೆ ಶಿಷ್ಯೆಯಾಗಿ ಕುಳಿತ ಆ ನಿರ್ಧಾರಕ್ಕೆ ಕೈಮುಗಿಯಬೇಕು. ಬೆಂಗಳೂರಿಗೆ ಮರಳಿ 1974ರಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಕಟ್ಟಿದರು. ಅಣ್ಣ ತೀರಿಕೊಂಡದ್ದೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ. 2005ರಲ್ಲಿ ತಾವು ತೀರಿಕೊಳ್ಳುವವರೆಗೂ ದೇಶವಿದೇಶದ ವಾದಕರನ್ನು ಬೆಂಗಳೂರಿನ ಕೇಳುಗರ ಎದುರು ತಂದು ಕೂರಿಸಿದರು.

ತಿರುಮಕೂಡಲಿನ ಪಿಟೀಲು

ಪಿಯಾನೊ ಕುರಿತ ಲೇಖನದಲ್ಲಿ ಪಿಟೀಲು ಚೌಡಯ್ಯನವರು ಏಕೆ ಬರಬೇಕು? ಪಿಯಾನೊದಂತೆ ಪಿಟೀಲೂ ಯುರೋಪಿನಿಂದ ಬಂದ ವಾದ್ಯ. ಆದರೆ ಒಂದು ಮಡಿಲಲ್ಲಿ ಕೂತಿತು, ಇನ್ನೊಂದು ಹಜಾರದಲ್ಲಿ ನಿಂತಿತು. ಒಂದು ವಾದ್ಯ ನೆಲಕ್ಕೆ ಹೊಂದಿಕೊಳ್ಳಬೇಕಾದರೆ ಗುರುಪರಂಪರೆ ಬೇಕು, ಕೇಳುವ ಸಭೆ ಬೇಕು, ಅಗ್ಗದ ದರಕ್ಕೆ ಸಿಗುವ ವಾದ್ಯ ಬೇಕು. ಪಿಟೀಲಿಗೆ ಮೂರೂ ಸಿಕ್ಕವು.

ತಿರುಮಕೂಡಲು ಚೌಡಯ್ಯನವರು 1895ರ ಜನವರಿ 1ರಂದು ಹುಟ್ಟಿದರು. ತಂದೆ ಅಗಸ್ತ್ಯೇಗೌಡರು; ಊರಿನ ಅಗಸ್ತ್ಯೇಶ್ವರನ ಹೆಸರು ಅದು. 1910ರಲ್ಲಿ ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಹಾಡುಗಾರರು, ಪಿಟೀಲುಗಾರರಲ್ಲ. ಶಿಷ್ಯ ಗುರುವಿನ ಗಾಯನವನ್ನು ಕಿವಿಯಲ್ಲಿ ಹಿಡಿದು ತಂತಿಗೆ ಇಳಿಸಬೇಕಿತ್ತು. ಎಂಟು ವರ್ಷಗಳ ಕಟ್ಟುನಿಟ್ಟಿನ ಗುರುಕುಲವಾಸ. ಬೆಳಗಿನ ಜಾವದ ಸಾಧಕ, ಗುರುಗಳ ಹಿಂದೆ ಪಕ್ಕವಾದ್ಯ, ತಪ್ಪಿದರೆ ಅಲ್ಲೇ ತಿದ್ದುಪಡಿ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿಗೂ ಪಿಟೀಲು ಕೇಳಬೇಕೆಂದು ನಾಲ್ಕು ತಂತಿಗೆ ಮೂರು ಸೇರಿಸಿ ಏಳು ತಂತಿಯ ಪಿಟೀಲನ್ನು ಮಾಡಿಕೊಂಡರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂದಿತು. ರಚನೆಗಳಿಗೆ ಇಟ್ಟುಕೊಂಡ ಅಂಕಿತ ‘ತ್ರಿಮಕುಟ’. ಅದರಲ್ಲಿ ಹುಟ್ಟೂರೇ ಅಡಗಿದೆ.

ಈ ಜೀವನದಲ್ಲಿ ಪಿಯಾನೊ ಕಲಿಯುವವರು ಗಮನಿಸಬೇಕಾದ ಸಂಗತಿ ಒಂದಿದೆ. ಚೌಡಯ್ಯನವರು 15ನೆಯ ವಯಸ್ಸಿನಿಂದ 23ರವರೆಗಿನ ಎಂಟು ವರ್ಷಗಳನ್ನು ಇನ್ನೇನಕ್ಕೂ ಒಡೆಯದೆ ಒಂದೇ ವಿದ್ಯೆಗೆ ಕೊಟ್ಟರು. ರಷ್ಯದ, ಕೊರಿಯದ, ಪೋಲೆಂಡಿನ ಪಿಯಾನೊ ವಾದಕರೂ ಅದೇ ವಯಸ್ಸಿನಲ್ಲಿ ಅದನ್ನೇ ಮಾಡುತ್ತಾರೆ. ನಮ್ಮ ಊರುಗಳಲ್ಲಿ ಇಂದು ನಡೆಯುವುದು ಇದಕ್ಕೆ ಪೂರ್ಣ ವಿರುದ್ಧ. ಅದನ್ನು ಮುಂದೆ ನೋಡೋಣ.

ಚೌಡಯ್ಯನವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿ 1980ರಲ್ಲಿ ತೆರೆದ ಚೌಡಯ್ಯ ಸ್ಮಾರಕ ಭವನದಲ್ಲಿ ಕರ್ನಾಟಕ, ಹಿಂದೂಸ್ತಾನಿ ಕಛೇರಿಗಳ ಜೊತೆಗೆ ಪಾಶ್ಚಾತ್ಯ ವಾದ್ಯವೃಂದಗಳೂ ನುಡಿಸಿವೆ. ತಿರುಮಕೂಡಲಿನವರ ಹೆಸರು ಹೊತ್ತ ಭವನ ಹೊರನಾಡಿನ ಸಂಗೀತಕ್ಕೂ ಬಾಗಿಲು ತೆರೆದಿರುವುದು ಸಂತೋಷದ ವಿಷಯ.

ಕಲಿಕೆಯ ಮೆಟ್ಟಿಲುಗಳು

ಸಾಮಾನ್ಯವಾಗಿ ಐದರಿಂದ ಎಂಟು ವರ್ಷದೊಳಗೆ ಪಾಠ ಆರಂಭ. ಮೊದಲ ತಿಂಗಳುಗಳಲ್ಲಿ ಸಂಗೀತಕ್ಕಿಂತ ಕೂರುವ ಭಂಗಿಯದೇ ಪಾಠ: ಮೊಣಕೈ ಮನೆಗಳ ಮಟ್ಟಕ್ಕೆ ಬರುವಂತೆ ಸ್ಟೂಲು, ಬಿಗಿಯದ ಹೆಗಲು, ಒಳಗೆ ನಿಂಬೆಹಣ್ಣು ಇಟ್ಟುಕೊಂಡಂತೆ ಬಾಗಿದ ಅಂಗೈ. ಬೆರಳುಗಳಿಗೆ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದರಿಂದ ಐದರ ಸಂಖ್ಯೆ. ನಮ್ಮ ಸರಳೆ ವರಸೆ, ಜಂಟಿ ವರಸೆಗಳ ಜಾಗದಲ್ಲಿ ಇಲ್ಲಿ ಶ್ರೇಣಿಗಳು, ಆರ್ಪೆಜಿಯೊಗಳು, ಚೆರ್ನಿಯ ಮತ್ತು ಹಾನನ್ನರ ಬೆರಳಭ್ಯಾಸಗಳು. ವ್ಯತ್ಯಾಸವಿರುವುದು ಓದುವುದರಲ್ಲಿ. ನಮ್ಮ ಮಕ್ಕಳು ಗುರುಗಳ ಬಾಯಿಂದ ಕೇಳಿ ಕಲಿಯುತ್ತಾರೆ. ಪಿಯಾನೊ ಮಕ್ಕಳು ಐದು ಗೆರೆಗಳ ಎರಡು ಸಾಲುಗಳನ್ನು ಒಂದೇ ನೋಟದಲ್ಲಿ, ಮೇಲಿನದನ್ನು ಬಲಗೈಗೆ, ಕೆಳಗಿನದನ್ನು ಎಡಗೈಗೆ ಎಂದು ಓದಿ ನುಡಿಸಬೇಕು. ಸಂಗೀತದ ಮನೆಯಲ್ಲಿ ಬೆಳೆದ ಮಗು ಇಲ್ಲಿ ಸುಲಭವಾಗಿ ಎಡವುತ್ತದೆ: ಕಿವಿ ಚುರುಕಾಗಿರುವುದರಿಂದ ಒಮ್ಮೆ ಕೇಳಿದ್ದನ್ನು ನುಡಿಸಿಬಿಡುತ್ತದೆ, ಓದುವುದನ್ನು ಕಲಿಯುವುದೇ ಇಲ್ಲ. ಒಳ್ಳೆಯ ಮೇಷ್ಟ್ರು ಇದನ್ನು ಮೊದಲ ವರ್ಷದಲ್ಲೇ ಹಿಡಿಯುತ್ತಾರೆ.

ನಂತರ ಬಾಖ್‌ನ ಸಣ್ಣ ನೃತ್ಯಗಳು, ಕ್ಲೆಮೆಂತಿಯ ಸೊನಾಟಿನಾಗಳು, ಬಾಖ್‌ನ ಎರಡು ದನಿಯ 15 ಇನ್ವೆನ್ಷನ್‌ಗಳು, ಮೊಟ್ಸಾರ್ಟ್, ಬೀಥೋವನ್‌ನ 32 ಸೊನಾಟಾಗಳಲ್ಲಿ ಸುಲಭವಾದ ಕೆಲವು, ಶೋಪ್ಯಾನ್. ಇನ್ವೆನ್ಷನ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಲಿ ಎಡಗೈ ಬಲಗೈಯ ಪಕ್ಕವಾದ್ಯವಲ್ಲ. ಬಲಗೈ ಹೇಳಿದ್ದನ್ನು ಎಡಗೈ ತನ್ನದಾಗಿ ಹೇಳುತ್ತದೆ. ತನಿಯಲ್ಲಿ ಮೃದಂಗ ನುಡಿಸಿದ್ದನ್ನು ಘಟ ಎತ್ತಿಕೊಳ್ಳುವುದನ್ನು ಕೇಳಿದ ನಮ್ಮ ಕೇಳುಗರಿಗೆ ಈ ಸೊಗಸು ಬೇಗ ತಿಳಿಯುತ್ತದೆ.

ಭಾರತದಲ್ಲಿ ಈ ಕಲಿಕೆಯ ಅಳತೆಗೋಲು ಎರಡು ಬ್ರಿಟಿಷ್ ಸಂಸ್ಥೆಗಳದು: 1872ರಲ್ಲಿ ಆರಂಭವಾದ ಟ್ರಿನಿಟಿ ಮತ್ತು 1889ರಲ್ಲಿ ಆರಂಭವಾದ ರಾಯಲ್ ಶಾಲೆಗಳ ಅಸೋಸಿಯೇಟೆಡ್ ಬೋರ್ಡ್. ಒಂದರಿಂದ ಎಂಟರವರೆಗೆ ಗ್ರೇಡುಗಳು, ಆ ಬಳಿಕ ಡಿಪ್ಲೊಮಾಗಳು. ಟ್ರಿನಿಟಿಯಲ್ಲಿ ನೂರಕ್ಕೆ 60 ಬಂದರೆ ಪಾಸು, 75ಕ್ಕೆ ಮೆರಿಟ್, 87ಕ್ಕೆ ಡಿಸ್ಟಿಂಕ್ಷನ್. ಬೋರ್ಡಿನಲ್ಲಿ 150 ಅಂಕಕ್ಕೆ ಪರೀಕ್ಷೆ, 100 ಬಂದರೆ ಪಾಸು. ನಮ್ಮ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ಬಲ್ಲ ಮನೆಗಳಿಗೆ ಈ ಏಣಿ ಹೊಸದೆನಿಸುವುದಿಲ್ಲ. ಆದರೆ ಗ್ರೇಡು ಪಾಸಾಗುವುದೇ ಕಲಿಕೆಯ ಗುರಿಯಾದಾಗ ಮಗು ವರ್ಷಕ್ಕೆ ಮೂರೇ ರಚನೆಗಳನ್ನು ತಿಂಗಳುಗಟ್ಟಲೆ ಅರೆಯುತ್ತದೆ. ಎಂಟನೆಯ ಗ್ರೇಡು ತಲಪುವ ಹೊತ್ತಿಗೆ ಅದು ನುಡಿಸಿರುವುದು ಇಪ್ಪತ್ತೈದಕ್ಕೆ ಮೀರದ ರಚನೆಗಳು. ಕಛೇರಿಯ ವಾದಕರಾಗಬೇಕಾದವರಿಗೆ ಇದು ಏನೇನೂ ಸಾಲದು. ಪರೀಕ್ಷೆಗಳ ಈ ಬಳಕೆಯನ್ನು ಮೈಸೂರು, ಬೆಂಗಳೂರುಗಳ ಪೋಷಕರು ಗಂಭೀರವಾಗಿ ಮರುಯೋಚಿಸಬೇಕು.

ಬೆಂಗಳೂರಿನಲ್ಲಿ 1987ರಲ್ಲಿ ಅರುಣಾ ಸುಂದರ್‌ಲಾಲ್ ಕಟ್ಟಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ರಾಜ್ಯದ ಮಕ್ಕಳಿಗೆ ಈ ವಿದ್ಯೆಯ ಮುಖ್ಯ ನೆಲೆಗಳಲ್ಲಿ ಒಂದು. ನೆರೆಯ ಚೆನ್ನೈನಲ್ಲಿ ಎ. ಆರ್. ರೆಹಮಾನ್ 2008ರಲ್ಲಿ ತೆರೆದ ಕೆಎಂ ಸಂಗೀತ ಕನ್ಸರ್ವೇಟರಿ ಇದೆ. ಚೆನ್ನೈನ ಬಾಲಕ ಲಿಡಿಯನ್ ನಾದಸ್ವರಂ 2019ರಲ್ಲಿ ಅಮೆರಿಕದ ಟಿವಿ ಸ್ಪರ್ಧೆಯೊಂದನ್ನು 13ನೆಯ ವಯಸ್ಸಿನಲ್ಲಿ ಗೆದ್ದಾಗ ದಕ್ಷಿಣದ ಎಷ್ಟೋ ಮನೆಗಳಲ್ಲಿ ಪಿಯಾನೊದ ಮಾತು ಮೊದಲ ಬಾರಿ ಎದ್ದಿತು.

ವೃತ್ತಿಯ ಹಾದಿ

ಜಗತ್ತಿನಲ್ಲಿ ಯುವ ಪಿಯಾನೊ ವಾದಕರಿಗೆ ಹೆಬ್ಬಾಗಿಲು ಸ್ಪರ್ಧೆಗಳು. ವಾರ್ಸಾದ ಶೋಪ್ಯಾನ್ ಸ್ಪರ್ಧೆ 1927ರಲ್ಲಿ ಆರಂಭವಾಗಿ ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ನಡೆಯುತ್ತದೆ. ಮಾಸ್ಕೊದ ಚೈಕೋವ್‌ಸ್ಕಿ ಸ್ಪರ್ಧೆ 1958ರದು; ಮೊದಲ ಸಲವೇ ಅಮೆರಿಕದ ವ್ಯಾನ್ ಕ್ಲೈಬರ್ನ್ ಗೆದ್ದರು. ಅವರ ಹೆಸರಿನ ಸ್ಪರ್ಧೆಯನ್ನು 2022ರಲ್ಲಿ ಕೊರಿಯದ ಯುಂಚಾನ್ ಲಿಮ್ 18ನೆಯ ವಯಸ್ಸಿನಲ್ಲಿ ಗೆದ್ದು ಆ ಸ್ಪರ್ಧೆಯ ಅತಿ ಕಿರಿಯ ವಿಜೇತರಾದರು. ಇಂಗ್ಲೆಂಡಿನ ಲೀಡ್ಸ್ ಸ್ಪರ್ಧೆ 1963ರಿಂದ ಇದೆ. ಗೆದ್ದವರಿಗೆ ಹಣಕ್ಕಿಂತ ಮುಖ್ಯವಾಗಿ ಸಿಗುವುದು ಮುಂದಿನ ಎರಡು ಮೂರು ವರ್ಷಗಳ ಕಛೇರಿಗಳು.

ಕಛೇರಿ ಎಂದರೆ ಅಲ್ಲಿಯೂ ಸಣ್ಣ ಭಾರವಲ್ಲ. ಒಂದೂವರೆ ಗಂಟೆಯ ಸಂಗೀತವನ್ನು ಪುಸ್ತಕ ನೋಡದೆ ನುಡಿಸುವ ರೂಢಿಯನ್ನು 19ನೆಯ ಶತಮಾನದಲ್ಲಿ ಕ್ಲಾರಾ ಶೂಮನ್, ಫ್ರಾಂಜ್ ಲಿಸ್ಟ್ ಮೊದಲಾದವರು ತಂದರು. ಕ್ಲಾರಾ ಒಂಬತ್ತನೆಯ ವಯಸ್ಸಿನಲ್ಲೇ ಲೈಪ್‌ಜಿಗ್‌ನ ವೇದಿಕೆ ಹತ್ತಿದ್ದಳು. ನಮ್ಮಲ್ಲಿ ಮರೆತರೆ ಮನೋಧರ್ಮ ಕೈಹಿಡಿಯುತ್ತದೆ, ನಿರವಲಿನ ಸಾಲೊಂದು ಉದ್ದವಾಗಬಹುದು. ಅಲ್ಲಿ ಬರೆದಿಟ್ಟದ್ದಕ್ಕಿಂತ ಒಂದು ಸ್ವರ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇನ್ನೊಂದು ಕಷ್ಟ: ಪಿಟೀಲುಗಾರ ತನ್ನ ವಾದ್ಯವನ್ನೇ ಒಯ್ಯುತ್ತಾನೆ, ಪಿಯಾನೊ ವಾದಕ ಊರೂರಿನಲ್ಲೂ ಪರಿಚಯವಿಲ್ಲದ ವಾದ್ಯದ ಮುಂದೆ ಕೂರುತ್ತಾನೆ. ಮಧ್ಯಾಹ್ನದ ಒಂದೆರಡು ಗಂಟೆಯಲ್ಲಿ ಅದರ ಮನೆಗಳ ಭಾರವನ್ನೂ ಪೆಡಲಿನ ಆಳವನ್ನೂ ಅರಿತು ಸಂಜೆ ನುಡಿಸಬೇಕು.

ಕರ್ನಾಟಕದಲ್ಲಿ ಬರಿಯ ಕಛೇರಿಗಳಿಂದಲೇ ಸಂಸಾರ ನಡೆಸುವುದು ಕಷ್ಟ. ಕಲಿತವರು ಪಾಠ ಹೇಳುತ್ತಾರೆ, ಶಾಲೆಗಳಲ್ಲಿ ಸಂಗೀತ ಶಿಕ್ಷಕರಾಗುತ್ತಾರೆ, ಚರ್ಚಿನ ಗಾಯಕವೃಂದಕ್ಕೆ ನುಡಿಸುತ್ತಾರೆ, ಸಿನಿಮಾ ಸ್ಟುಡಿಯೊಗಳಲ್ಲಿ ಕೀಬೋರ್ಡ್ ಹಿಡಿಯುತ್ತಾರೆ. ಇದನ್ನು ಸೋಲೆಂದು ಕಾಣಬಾರದು. ಮೆಟ್ನರ್ ಕೂಡ ಪಾಠ ಹೇಳಿದವರು. ಒಬ್ಬ ಒಳ್ಳೆಯ ಮೇಷ್ಟ್ರು ಒಂದು ಊರಿಗೆ ಇಪ್ಪತ್ತು ಕಛೇರಿಗಳಿಗಿಂತ ದೊಡ್ಡ ಆಸ್ತಿ.

ನಂಜನಗೂಡು ಮತ್ತು ತಿ. ನರಸೀಪುರದ ಮಕ್ಕಳು

ಈ ಊರುಗಳ ಮಗುವಿನ ಕಿವಿ ಬಡವಾದುದಲ್ಲ. ದೊಡ್ಡ ಜಾತ್ರೆಯಲ್ಲಿ ಶ್ರೀಕಂಠೇಶ್ವರನ ಐದು ತೇರುಗಳ ಮುಂದೆ ನುಡಿಯುವ ನಾಗಸ್ವರ, ಮಾದಪ್ಪನ ಒಕ್ಕಲಿನ ಕಂಸಾಳೆ, ನೀಲಗಾರರ ತಂಬೂರಿ, ಮನೆಯ ದೇವರನಾಮ. ಲಯ, ನಾದಗಳ ದೊಡ್ಡ ಗಂಟನ್ನೇ ಹೊತ್ತು ಅದು ಪಿಯಾನೊ ಮುಂದೆ ಕೂರುತ್ತದೆ. ಕೊರತೆಯಿರುವುದು ವಾದ್ಯದ ಪಕ್ಕ ಕೂತು ಕೇಳುವ ಅವಕಾಶಕ್ಕೆ. ಅರಮನೆಯ ಮಕ್ಕಳಿಗೆ ಧ್ವನಿಮುದ್ರಿಕೆಗಳ ಭಂಡಾರವೇ ಇತ್ತು. ಇಂದು ನರಸೀಪುರದ ಮಗುವಿನ ಕೈಯ ಮೊಬೈಲಿನಲ್ಲಿ ಅದಕ್ಕಿಂತ ದೊಡ್ಡ ಭಂಡಾರವಿದೆ. ಆದರೆ ತಂತಿ, ಮರ, ಕಬ್ಬಿಣಗಳು ಕೂಡಿ ನೆಲ ನಡುಗಿಸುವ ಮಂದ್ರಸ್ವರ ಮೊಬೈಲಿನಲ್ಲಿ ಬರುವುದಿಲ್ಲ. ಅದನ್ನು ಒಮ್ಮೆಯಾದರೂ ಕೇಳದ ಮಗುವಿಗೆ ಬೆರಳಿನ ತೂಕ ಎಂದರೇನೆಂದು ಹೇಗೆ ಹೇಳುವುದು?

ಮೊದಲ ವಾದ್ಯವಾಗಿ ಮನೆಗೆ ಬರುವುದು ಸಾಮಾನ್ಯವಾಗಿ 61 ಮನೆಗಳ ಕೀಬೋರ್ಡ್. ಹಗುರವಾದ ಅದರ ಪ್ಲಾಸ್ಟಿಕ್ ಮನೆಗಳ ಮೇಲೆ ಎರಡು ವರ್ಷ ಕಲಿತ ಬೆರಳು ನಿಜವಾದ ಪಿಯಾನೊ ಮುಂದೆ ಬಂದಾಗ ಸೋಲುತ್ತದೆ. ಸುತ್ತಿಗೆಯ ಭಾರವನ್ನು ಅನುಕರಿಸುವ 88 ಮನೆಗಳ ಡಿಜಿಟಲ್ ಪಿಯಾನೊ ಇದ್ದರೆ ಮೇಲು; ಶ್ರುತಿ ಮಾಡಿಸುವ ಚಿಂತೆಯಿಲ್ಲ, ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಸಾಧಕ ಮಾಡಬಹುದು. ಹಳೆಯ ಮರದ ಪಿಯಾನೊ ಕೊಳ್ಳುವವರು ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತೇವಕ್ಕೆ ಮರ ಉಬ್ಬಿ ಮನೆಗಳು ಕಚ್ಚಿಕೊಳ್ಳುತ್ತವೆ, ಸುತ್ತಿಗೆಯ ಉಣ್ಣೆಗೆ ಹುಳು ಬೀಳುತ್ತದೆ, ತಂತಿಗೆ ತುಕ್ಕು ಹತ್ತುತ್ತದೆ. ವರ್ಷಕ್ಕೆ ಎರಡು ಸಲವಾದರೂ ಶ್ರುತಿ ಮಾಡುವವರನ್ನು ನಗರದಿಂದ ಕರೆಸಬೇಕು.

ದೊಡ್ಡ ತಡೆ ಮಾತ್ರ ವಾದ್ಯವಲ್ಲ, ಕ್ಯಾಲೆಂಡರು. ಎಂಟನೆಯ ವಯಸ್ಸಿಗೆ ಪಾಠ ಹಿಡಿದ ಮಗು ಹದಿನಾಲ್ಕರ ಹೊತ್ತಿಗೆ ಐದೋ ಆರೋ ಗ್ರೇಡಿಗೆ ಬಂದಿರುತ್ತದೆ. ಕೈ ಬೆಳೆದು ಎಂಟು ಸ್ವರಗಳ ಅಂತರ ಈಗಷ್ಟೇ ನೆಟ್ಟಗೆ ಎಟುಕುತ್ತಿರುತ್ತದೆ. ಆಗ ಎಸ್‌ಎಸ್‌ಎಲ್‌ಸಿ ಬರುತ್ತದೆ, ಅದರ ಹಿಂದೆಯೇ ಪಿಯುಸಿ, ಸಿಇಟಿ, ನೀಟ್. ‘ಇದೊಂದು ವರ್ಷ ನಿಲ್ಲಿಸೋಣ’ ಎಂದು ಮುಚ್ಚಿದ ಪಿಯಾನೊ ಎಷ್ಟೋ ಮನೆಗಳಲ್ಲಿ ಮತ್ತೆ ತೆರೆಯುವುದಿಲ್ಲ. ಶೋಪ್ಯಾನ್ ಸ್ಪರ್ಧೆಗೆ ಪ್ರವೇಶದ ವಯಸ್ಸು ಆರಂಭವಾಗುವುದು 16ರಿಂದ. ನಮ್ಮ ಮಕ್ಕಳು ಕಲಿಕೆ ಬಿಡುವುದೂ ಅದೇ ವಯಸ್ಸಿನಲ್ಲಿ. ಜಯಚಾಮರಾಜರ ಕೈಯಿಂದ ಪಿಯಾನೊ ವೇದಿಕೆಯನ್ನು ಕಿತ್ತುಕೊಂಡದ್ದು ಸಿಂಹಾಸನ. ಅದನ್ನು ಯಾರೂ ತಪ್ಪಿಸುವಂತಿರಲಿಲ್ಲ. ಇಂದಿನ ಮಗುವಿನ ಕೈಯಿಂದ ಕಿತ್ತುಕೊಳ್ಳುವುದು ಟ್ಯೂಷನ್ನಿನ ವೇಳಾಪಟ್ಟಿ, ಅದನ್ನು ತಪ್ಪಿಸಬಹುದು. ದಿನಕ್ಕೆ ನಲವತ್ತು ನಿಮಿಷವನ್ನು ಆ ಪರೀಕ್ಷೆಗಳ ವರ್ಷಗಳಲ್ಲಿ ಉಳಿಸಿಕೊಂಡರೂ ಕೈ ಮರೆಯುವುದಿಲ್ಲ. ಎಂಜಿನಿಯರಿಂಗ್ ಸೇರಿದ ಮೇಲೂ ಡಿಪ್ಲೊಮಾ ಮುಗಿಸಬಹುದು. ವಿಜಯಾದೇವಿಯವರು ಮದುವೆಯ ನಂತರ ಮತ್ತೆ ಪಾಠಕ್ಕೆ ಕೂತದ್ದನ್ನು ಮನೆಯವರಿಗೆ ನೆನಪಿಸಬಹುದು.

ದೂರದ ತೊಡಕು ಮಾತ್ರ ಈಚೆಗೆ ಸ್ವಲ್ಪ ಸಡಿಲವಾಗಿದೆ. ಮೊದಲು ಪರೀಕ್ಷೆಗೆ ನಗರದ ಕೇಂದ್ರಕ್ಕೆ ಹೋಗಿ, ಪರಿಚಯವಿಲ್ಲದ ಪಿಯಾನೊದ ಮುಂದೆ, ಪರದೇಶದ ಪರೀಕ್ಷಕರೆದುರು ನುಡಿಸಬೇಕಿತ್ತು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಟ್ರಿನಿಟಿಯೂ ಅಸೋಸಿಯೇಟೆಡ್ ಬೋರ್ಡೂ ವಿಡಿಯೊ ಮೂಲಕ ಪರೀಕ್ಷೆ ಆರಂಭಿಸಿದವು. ಅವು ಈಗಲೂ ಇವೆ. ನಂಜನಗೂಡಿನ ಮನೆಯಲ್ಲೇ ಮೊಬೈಲನ್ನು ಪಕ್ಕದಲ್ಲಿ ನಿಲ್ಲಿಸಿ, ಎರಡೂ ಕೈ, ಮನೆಗಳು, ಮುಖ ಕಾಣುವಂತೆ ಚಿತ್ರೀಕರಿಸಿ ಕಳುಹಿಸಬಹುದು. ಬೋರ್ಡಿನ ವಿಡಿಯೊ ಗ್ರೇಡಿಗೆ ನಾಲ್ಕು ರಚನೆಗಳನ್ನೂ ನಡುವೆ ಕತ್ತರಿಸದೆ ಒಂದೇ ಓಟದಲ್ಲಿ ನುಡಿಸಬೇಕು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಅಡುಗೆಮನೆಯ ಕುಕ್ಕರ್ ಇಳಿಸಿ, ಕರೆಂಟು ಹೋಗದ ಹೊತ್ತು ನೋಡಿ ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂರುವ ಆ ಹದಿನೈದು ನಿಮಿಷ ಈ ಊರುಗಳ ಮಕ್ಕಳಿಗೆ ಮೊದಲ ಕಛೇರಿ.